ಮಿಲಾಗ್ರಿಸ್ ಪುಸ್ತಕ: ಬೆನ್ನಿನ ಬಿಳಿ ಗಮ್ ಕೊನೆಗೂ ಬಿಟ್ಟಿತು

ಬಿಟ್ಟಿತು! ಮೂರನೇ ಫಾರಂ (ಒಟ್ಟಿಗೆ ಮಡಚಿ ಹೊಲಿದ ಹಾಳೆಗಳ ಕಟ್ಟು) ಮತ್ತು ನಾಲ್ಕನೇ ಫಾರಂ ನಡುವೆ ಸಿಕ್ಕಿಹಾಕಿಕೊಂಡಿದ್ದ ಮಡಚುವ ನಕ್ಷೆ ಈಗ ಮೇಜಿನ ಮೇಲೆ ಪೂರ್ತಿ ಬಿಚ್ಚಿಕೊಂಡು ಮಲಗಿದೆ. ಒಂದು ಅಕ್ಷರ ಹೋಗಿಲ್ಲ. ನೇರಳೆ ಸೀಲು ಕೂಡ ಹಾಗೆಯೇ ಇದೆ. ಈ ಖುಷಿಯಲ್ಲೇ ಬರೆಯುತ್ತಿದ್ದೇನೆ. ಈ ಹಳೆ ಪುಸ್ತಕದ ರಿಪೇರಿಯಲ್ಲಿ ಧೂಳು ಒರೆಸಿದ್ದು, ಪುಟ ಎಣಿಸಿದ್ದು, ಹಳೆ ರಟ್ಟು ಬಿಡಿಸಿದ್ದು ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು ನೇರ ಬೆನ್ನಿಗೆ, ಅಂದರೆ ಫಾರಂಗಳನ್ನು ಹೊಲಿದು ಅಂಟಿಸಿದ ಬದಿಗೆ, ಬರುತ್ತೇನೆ.

ಪುಸ್ತಕ ನನ್ನದಲ್ಲ, ಪಕ್ಕದ ಮನೆಯ ಬಾಯಮ್ಮನದು. ಮಂಗಳೂರಿನ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯ (ಚರ್ಚಿನ) ಚರಿತ್ರೆ ಹೇಳುವ ಹಳೆಯ ಸ್ಮರಣ ಸಂಚಿಕೆ. ಒಂದಷ್ಟು ಲೇಖನ ಕನ್ನಡ ಲಿಪಿಯ ಕೊಂಕಣಿಯಲ್ಲಿ, ಒಂದಷ್ಟು ಇಂಗ್ಲಿಷಿನಲ್ಲಿ, ನಡುವೆ ಅಂಗಡಿಗಳ ಜಾಹೀರಾತು. ಅಚ್ಚುಮೊಳೆಯ ಮುದ್ರಣ, ಬೆರಳಾಡಿಸಿದರೆ ಹಿಂಬದಿಯಲ್ಲಿ ಅಕ್ಷರದ ಉಬ್ಬು ಸಿಗುತ್ತದೆ. ಅವರ ಅಪ್ಪ ಇಟ್ಟುಕೊಂಡಿದ್ದ ಪ್ರತಿ. ಕೊಡುವಾಗ ಅವರು ಹೇಳಿದ್ದು ಒಂದೇ ಮಾತು: "ಹೊಸತರ ಹಾಗೆ ಮಾಡುವುದು ಬೇಡ ಮಾರಾಯ್ರೆ, ಬಿಡಿಸಿ ಓದಲಿಕ್ಕೆ ಬಂದರೆ ಸಾಕು."

ಬಿಡಿಸಲಿಕ್ಕೆ ಬರುತ್ತಿರಲಿಲ್ಲ, ಅದೇ ತೊಂದರೆ. ಮೊದಲ ಬೈಂಡರ್ ಒಳ್ಳೆಯ ಕೆಲಸಗಾರ. ಫಾರಂಗಳನ್ನು ಬಟ್ಟೆಯ ಟೇಪಿನ ಮೇಲೆ ಹೊಲಿದು, ಸರೇಸು ಅನ್ನುವ ಪ್ರಾಣಿಜನ್ಯ ಅಂಟು ಹಚ್ಚಿ, ಜಾಳಿಗೆ ಬಟ್ಟೆ ಕೂರಿಸಿದ್ದಾನೆ. ಬಹಳ ವರ್ಷ ಆದಮೇಲೆ ಇನ್ಯಾರೋ ರಿಪೇರಿಗೆ ಕೂತಿದ್ದಾರೆ. ಅವರು ಮರಗೆಲಸದ ಬಿಳಿ ಗಮ್ಮನ್ನು ಬೆನ್ನಿಗೆ ಧಾರಾಳವಾಗಿ ಸುರಿದಿದ್ದಾರೆ, ಅಂಚಿನಿಂದ ಮೂರು ಸ್ಟಿಚಿಂಗ್ ಪಿನ್ ಹೊಡೆದಿದ್ದಾರೆ, ಕಟಿಂಗ್ ಮೆಷಿನ್ನಿಗೆ ಕೊಟ್ಟು ಮೂರು ಕಡೆ ಮಾರ್ಜಿನ್ ಹಾರಿಸಿದ್ದಾರೆ. ಪಿನ್ನು ನಮ್ಮ ಕರಾವಳಿ ಗಾಳಿಗೆ ತುಕ್ಕು ಹಿಡಿದು ಎರಡೂ ಬದಿ ಕಂದು ತೂತು ಮಾಡಿದೆ. ಗಮ್ಮು ಫಾರಂಗಳ ಸಂದಿನಲ್ಲಿ ಇಳಿದು, ನಕ್ಷೆಯ ಎಡ ಅಂಚನ್ನು ಒಂದು ಇಂಚಿನಷ್ಟು ನುಂಗಿದೆ.

ಈ ಒಂದು ಇಂಚಿಗೆ ಇಷ್ಟು ಯಾಕೆ ಒದ್ದಾಡಬೇಕು ಅಂತ ಕೇಳಬಹುದು. ಇಗರ್ಜಿಯ ಕತೆಯನ್ನು ಸ್ವಲ್ಪ ಹೇಳಿದರೆ ಅರ್ಥ ಆಗುತ್ತದೆ.

ಮಿಲಾಗ್ರಿಸ್ ಕಟ್ಟಿಸಿದ್ದು ಬಿಷಪ್ ತೋಮಸ್ ದೆ ಕಾಸ್ತ್ರೊ, 1680ರಲ್ಲಿ. ಅವರು ಗೋವೆಯ ದಿವಾಡಿ ದ್ವೀಪದವರು. ಜಾಗ ಕೊಟ್ಟವರು ಕೆಳದಿಯ ರಾಣಿ ಚೆನ್ನಮ್ಮ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ಅದೇ ಚೆನ್ನಮ್ಮ. ಆ ಮೊದಲ ಇಗರ್ಜಿ ಇದ್ದದ್ದು ಈಗ ಸ್ಮಶಾನ ಇರುವ ಜಾಗದಲ್ಲಿ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಅದನ್ನು ಕೆಡವಿದರು, ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಬದುಕಿ ಉಳಿದವರು ಊರಿಗೆ ವಾಪಸ್ ಬಂದರು. 1811ರಲ್ಲಿ ಮತ್ತೊಂದು ಇಗರ್ಜಿ ಎದ್ದಿತು. 1911ರಲ್ಲಿ ಅದರ ಮುಖಭಾಗ ಕುಸಿಯಿತು. ಬಸ್ಸಿನಿಂದ ಇಳಿದು ನಾವು ಈಗ ನೋಡುವುದು ಅದರ ನಂತರದ ಕಟ್ಟಡ.

ಅಂದರೆ ಒಂದೇ ಹೆಸರಿನಲ್ಲಿ ಮೂರು ಇಗರ್ಜಿ, ಅದರಲ್ಲಿ ಎರಡು ಕಣ್ಣಿಗೆ ಕಾಣುವುದಿಲ್ಲ. ಅವು ಉಳಿದಿರುವುದು ಇಂಥ ಪುಸ್ತಕಗಳಲ್ಲಿ. ದೊಡ್ಡ ಪ್ರಕಾಶಕರು ತಂದ ಪುಸ್ತಕ ಅಲ್ಲ ಇದು. ಫಿರ್ಗಜಿನ, ಅಂದರೆ ಇಗರ್ಜಿಯ ವ್ಯಾಪ್ತಿಯ, ಜನ ಸೇರಿ, ಚಂದಾ ಎತ್ತಿ, ಹಿರಿಯರ ಹತ್ತಿರ ಕೇಳಿ ಬರೆಸಿ, ಹಬ್ಬಕ್ಕೆ ಅಂತ ಅಚ್ಚು ಹಾಕಿಸಿದ್ದು. ಮನೆಮನೆಗೆ ಒಂದು ಹೋಯಿತು. ಮಳೆಗಾಲ, ಗೆದ್ದಲು, ಮನೆ ಬದಲಾಯಿಸುವುದು, ಎಲ್ಲ ದಾಟಿ ಉಳಿದದ್ದು ಕೆಲವೇ. ಅಂಥ ಪುಸ್ತಕದ ನಕ್ಷೆಯಲ್ಲಿ ಒಂದು ಇಂಚು ಹೋದರೆ ಆ ಇಂಚಿನ ಜಾಗವೇ ಹೋದ ಹಾಗೆ. ನನಗೆ ಇದು ಹವ್ಯಾಸಕ್ಕಿಂತ ಜಾಸ್ತಿ ಅನ್ನಿಸುವುದು ಇಂಥ ಕಡೆ.

ಸರಿ, ಗಮ್ಮಿಗೆ ಬರೋಣ.

ಸರೇಸು ನಮಗೆಲ್ಲ ಹಳೇ ಪರಿಚಯ. ಮೀಥೈಲ್ ಸೆಲ್ಯುಲೋಸ್ ಪುಡಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಬೆನ್ನಿಗೆ ಬಳಿದು, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಕಾಯ್ದರೆ ಮೆತ್ತಗಾಗುತ್ತದೆ, ಬೋನ್ ಫೋಲ್ಡರ್ ಅನ್ನುವ ಎಲುಬಿನ ಚಪ್ಪಟೆ ಪಟ್ಟಿಯಲ್ಲಿ ಕೆರೆದರೆ ಬರುತ್ತದೆ. ಬಿಳಿ ಗಮ್ಮು ಹಾಗಲ್ಲ. ಒಮ್ಮೆ ಒಣಗಿದರೆ ನೀರಿಗೆ ಕರಗುವುದಿಲ್ಲ. ಅದೇ ಲೇಪವನ್ನು ಇದಕ್ಕೂ ಹಚ್ಚಿ ನೋಡಿದೆ. ಹಾಲಿನ ಬಣ್ಣಕ್ಕೆ ತಿರುಗಿತು, ರಬ್ಬರಿನಂತಾಯಿತು, ಜಾಗ ಬಿಟ್ಟು ಕದಲಲಿಲ್ಲ. ಅಷ್ಟರಲ್ಲಿ ತೇವ ಕಾಗದಕ್ಕೆ ಇಳಿಯಲು ಶುರುವಾಯಿತು. ಮರದ ಪಲ್ಪಿನ ಅಗ್ಗದ ಕಾಗದ ಇದು, ಆಮ್ಲ ತುಂಬಿ ಕಂದಾಗಿದೆ. ನೀರು ಎಲ್ಲಿಯವರೆಗೆ ಹೋಯಿತೋ ಅಲ್ಲಿ ಒಂದು ಕಪ್ಪು ಗೆರೆ ಕೂತುಬಿಡುತ್ತದೆ. ಪುಣ್ಯಕ್ಕೆ ಪ್ರಯೋಗ ನಡೆದದ್ದು ಕೊನೆಯ ಖಾಲಿ ಹಾಳೆಯ ಮೇಲೆ.

ಆಮೇಲೆ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲ್. ಆಲ್ಕೊಹಾಲಿಗೆ ಬಿಳಿ ಗಮ್ಮು ಉಬ್ಬುತ್ತದೆ, ಬೇಗ ಆರುವುದರಿಂದ ತೇವದ ಗೆರೆಯ ಭಯ ಕಡಿಮೆ. ಮೀಥೈಲ್ ಸೆಲ್ಯುಲೋಸಿಗೆ ಬೆರೆಸಿದರೆ ನಿಂತ ಜಾಗದಲ್ಲೇ ನಿಲ್ಲುತ್ತದೆ. ಕೆಲಸವೂ ಆಗುತ್ತಿತ್ತು. ಆದರೆ ನಕ್ಷೆಯ ಒಳ ಅಂಚಿನಲ್ಲಿ, ಸರಿಯಾಗಿ ಗಮ್ಮಿನ ಪಕ್ಕ, ಯಾವುದೋ ವಾಚನಾಲಯದ ನೇರಳೆ ರಬ್ಬರ್ ಸೀಲು. ಕಪ್ಪು ಮುದ್ರಣದ ಶಾಯಿಗೆ ಆಲ್ಕೊಹಾಲ್ ಏನೂ ಮಾಡುವುದಿಲ್ಲ, ಸೀಲಿನ ಶಾಯಿಯನ್ನು ಮಾತ್ರ ಕ್ಷಣದಲ್ಲಿ ಕರಗಿಸುತ್ತದೆ. ಅದೇ ಸೀಲು ಒಂದು ಜಾಹೀರಾತಿನ ಪುಟದಲ್ಲೂ ಇತ್ತು. ಅಲ್ಲಿ ಹತ್ತಿಕಡ್ಡಿಯ ತುದಿ ಮುಟ್ಟಿಸಿದೆ. ಹತ್ತಿ ತಕ್ಷಣ ನೇರಳೆ. ಪುಸ್ತಕ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವುದಕ್ಕೆ ಉಳಿದಿರುವ ಒಂದೇ ಗುರುತು ಅದು. ಅದನ್ನು ಕಳೆದು ನಕ್ಷೆ ಉಳಿಸುವುದು ನನಗೆ ಒಪ್ಪಿಗೆ ಆಗಲಿಲ್ಲ.

ಒಣಗಿದ್ದನ್ನೇ ಕೆರೆದರೆ? ಗಮ್ಮಿನ ಜೊತೆ ಕಾಗದದ ನಾರೂ ಬರುತ್ತದೆ. ಎರಡು ಸಲ ಸ್ಕಾಲ್ಪೆಲ್ ಆಡಿಸಿ ನಿಲ್ಲಿಸಿದೆ.

ಇಲ್ಲಿ ಕೆಲಸ ನಿಂತುಹೋಯಿತು. ಪುಸ್ತಕವನ್ನು ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು ಬೇರೆ ಸಾಮಾನು ತರಿಸಲು ಹೊರಟೆ. ಆ ಪುರಾಣವನ್ನೂ ಹೇಳಿಬಿಡುತ್ತೇನೆ, ಹೊಟ್ಟೆ ಉರಿಯುತ್ತಿದೆ. ಜಪಾನಿ ಕೋಜೋ ಕಾಗದಕ್ಕೆ ಆರ್ಡರ್ ಹಾಕಿದ್ದೆ. ಸುರುಳಿ ಸುತ್ತಿ ಕಳಿಸಿ ಅಂತ ಎರಡೆರಡು ಸಲ ಬರೆದಿದ್ದೆ. ನಾಲ್ಕು ಮಡಿಕೆ ಮಾಡಿ, ಕವರಿಗೆ ತುರುಕಿ ಕಳಿಸಿದ್ದಾರೆ. ಅಂಥ ನವಿರಾದ ಕಾಗದಕ್ಕೆ ಮಡಿಕೆ! ರಟ್ಟಿನದ್ದು ಇನ್ನೊಂದು ಕತೆ. ಆಮ್ಲರಹಿತ ಅಂತ ಬಿಲ್ಲಿನಲ್ಲಿ ಬರೆದು ಎರಡು ಪಟ್ಟು ರೇಟು ಹಾಕಿದ್ದಾರೆ. ಆಮ್ಲ ಪತ್ತೆ ಮಾಡುವ ಪಿಎಚ್ ಪೆನ್ನಿನಲ್ಲಿ ಗೆರೆ ಎಳೆದರೆ ನೇರಳೆ ಬರಬೇಕಾದ ಕಡೆ ಅರಿಶಿನದ ಬಣ್ಣ. ಫೋನ್ ಮಾಡಿ ರಟ್ಟಿನೊಳಗಿನ ನಾರು ಯಾವ ದಿಕ್ಕಿಗೆ ಮಲಗಿದೆ ಅಂತ ಕೇಳಿದರೆ, "ನಿಮಗೆ ಯಾವ ಕಡೆ ಬೇಕೋ ಆ ಕಡೆ ಕತ್ತರಿಸಿ ಸರ್" ಅಂದರು. ರಟ್ಟು ವಾಪಸ್ ಹೋಗಿದೆ, ದುಡ್ಡು ಇನ್ನೂ ಬಂದಿಲ್ಲ. ಅಂಟಿಗೆ ಬೇಕಾದ ಗೋಧಿ ಪಿಷ್ಟ ಮಾತ್ರ ಯಾರ ಹಂಗಿಲ್ಲದೆ ಮನೆಯಲ್ಲೇ ಆಯಿತು. ಮೈದಾ ಹಿಟ್ಟನ್ನು ಉಂಡೆ ಮಾಡಿ, ನೀರಿನಲ್ಲಿ ಹಿಸುಕಿ ಹಿಸುಕಿ, ಅಂಟಾದ ಗ್ಲೂಟನ್ ತೆಗೆದು, ತಳದಲ್ಲಿ ಕೂತ ಬಿಳಿ ಪಿಷ್ಟವನ್ನು ಒಣಗಿಸಿಟ್ಟಿದ್ದೇನೆ. ಸುಮ್ನೆ ಮೈದಾ ಅಂಟು ಹಚ್ಚುವವರು ಇದನ್ನೊಮ್ಮೆ ಮಾಡಿ ನೋಡಿ. ಕಾಗದ ಸೆಟೆಯುವುದಿಲ್ಲ, ಅಂಟು ನಯವಾಗಿ ಹರಡುತ್ತದೆ.

ದಾರಿ ಸಿಕ್ಕಿದ್ದು ಬಿಸಿಯಲ್ಲಿ. ಬಿಳಿ ಗಮ್ಮು ಎಷ್ಟೇ ಗಟ್ಟಿ ಅನ್ನಿಸಿದರೂ ಪ್ಲಾಸ್ಟಿಕ್ ಜಾತಿ. ಕೈಗೆ ಬಿಸಿ ತಾಗುವಷ್ಟು ಶಾಖಕ್ಕೇ ಸಡಿಲವಾಗುತ್ತದೆ. ಮೊದಲು ಹೇರ್ ಡ್ರೈಯರ್ ಹಿಡಿದೆ. ಅದು ಇಡೀ ಪುಟವನ್ನು ಒಣಗಿಸಿ ಹಪ್ಪಳ ಮಾಡಿಬಿಡುತ್ತದೆ. ಆಮೇಲೆ ಹಳೆಯ ಸೋಲ್ಡರಿಂಗ್ ಐರನ್ನಿಗೆ ಹಿತ್ತಾಳೆಯ ಚಪ್ಪಟೆ ತುದಿ ಹಾಕಿ, ಫ್ಯಾನಿನ ಡಿಮ್ಮರ್ ಅಲ್ಲ, ಬಲ್ಬಿನ ಡಿಮ್ಮರ್ ಜೋಡಿಸಿದೆ. ಮಲ್ಟಿಮೀಟರಿನ ಥರ್ಮೋಕಪಲ್ ಇಟ್ಟು ನೋಡುತ್ತಾ 65 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಿಸಿದೆ. ಗಮ್ಮಿನ ಮೇಲೆ ಸಿಲಿಕೋನ್ ಪೇಪರ್ ಇಟ್ಟು, ಮೂರು ನಾಲ್ಕು ಸೆಕೆಂಡ್ ಒತ್ತಿ, ಪೇಪರ್ ತೆಗೆದು ಚಿಮಟದಲ್ಲಿ ತುದಿ ಹಿಡಿದೆ. ಬಂತು, ಆದರೆ ಅಲ್ಲಲ್ಲಿ ನಾರು ಎಬ್ಬಿಸಿತು. ಗಮ್ಮು ತಯಾರಿದ್ದರೂ ಕಾಗದ ತಯಾರಿರಲಿಲ್ಲ.

ಅದು ಮೇ ತಿಂಗಳ ಸೆಕೆಯಲ್ಲಿ ಫ್ಯಾನಿನ ಕೆಳಗೆ ಒಣಗಿ ಕೂತಿದ್ದ ಕಾಗದ. ಇಂಥ ಕಾಗದಕ್ಕೆ ಬಗ್ಗುವ ಗುಣ ಬರುವುದು ಗಾಳಿಯ ತೇವದಿಂದ. ನೀರು ಮುಟ್ಟಿಸಬಾರದು, ಆದರೆ ತೇವ ಬೇಕು. ಹಾಗೆ ಯೋಚಿಸಿದಾಗ ಉತ್ತರ ಕಿಟಕಿಯ ಹೊರಗೇ ಇತ್ತು. ಮಂಗಳೂರಿನ ಜೂನ್! ನಾವೆಲ್ಲ ಬೂಷ್ಟಿಗೆ ಹೆದರಿ ಪುಸ್ತಕದ ಕಪಾಟಿಗೆ ಸಿಲಿಕಾ ಜೆಲ್ ತುರುಕುವ ಅದೇ ಮಳೆಗಾಲ. ಮಳೆ ಹಿಡಿಯುವವರೆಗೆ ಕಾಯ್ದೆ. ಹಿಡಿದ ಮೇಲೆ ಕಿಟಕಿ ತೆರೆದು, ಫಾರಂಗಳನ್ನು ಬಲೆಯ ಮೇಲೆ ಹರಡಿ, ಮಧ್ಯಾಹ್ನದವರೆಗೆ ಗಾಳಿ ಕುಡಿಯಲು ಬಿಟ್ಟೆ. ಸಂಜೆ ಮುಟ್ಟಿದಾಗ ಪುಟದ ಮೂಲೆ ಮುರಿಯದೆ ಬಾಗುತ್ತಿತ್ತು.

ಆಮೇಲೆ ಅದೇ ಬಿಸಿ, ಅದೇ ಸಿಲಿಕೋನ್ ಪೇಪರ್. ಒಂದೇ ಬದಲಾವಣೆ, ಎಳೆಯುವ ಕೋನ. ಗಮ್ಮನ್ನು ಮೇಲಕ್ಕೆ ಎತ್ತಬಾರದು. ಅದರ ಮೇಲೇ ಅದನ್ನು ಹಿಂದಕ್ಕೆ ಮಡಚಿ, ಕಾಗದಕ್ಕೆ ತಾಗಿದಂತೆ ನಿಧಾನ ಎಳೆಯಬೇಕು. ಎಡಗೈ ಬೆರಳು ಕಾಗದವನ್ನು ಗಮ್ಮಿನ ಬುಡದಲ್ಲೇ ಒತ್ತಿ ಹಿಡಿದಿರಬೇಕು. ಹೀಗೆ ಮಾಡಿದರೆ ಉದ್ದದ ಎಳೆಯಾಗಿ ಬರುತ್ತದೆ. ಅರೆ ಪಾರದರ್ಶಕ ಎಳೆ, ಅದರ ಮೇಲೆ ಫಾರಂನ ಮಡಿಕೆಯ ಗುರುತು ಕೂಡ ಮೂಡಿರುತ್ತದೆ. ತಣ್ಣಗಾದರೆ ಮತ್ತೆ ಬಿಗಿಯುತ್ತದೆ, ಮತ್ತೆ ಬಿಸಿ. ಸೀಲಿನ ಹತ್ತಿರ ಬಂದಾಗ ಉಸಿರು ಬಿಗಿಹಿಡಿದೇ ಎಳೆದೆ. ನೇರಳೆ ಕದಲಲಿಲ್ಲ.

ಬಿಳಿ ಗಮ್ಮಿನ ಕೆಳಗೆ ಹಳೆಯ ಸರೇಸು ಸಿಕ್ಕಿತು. ಅದರೊಳಗೆ ಮೊದಲ ಬೈಂಡರ್ ಬೆನ್ನಿಗೆ ಅಂಟಿಸಿದ್ದ ರದ್ದಿ ಕಾಗದದ ಪಟ್ಟಿ, ಅದರಲ್ಲಿ ತಲೆಕೆಳಗಾದ ಕನ್ನಡ ಅಕ್ಷರ. ಯಾವುದೋ ಕ್ಯಾಲೆಂಡರಿನ ತುಂಡು ಅಂತ ಕಾಣುತ್ತದೆ, ವಾರಗಳ ಹೆಸರು ಕೊಂಕಣಿಯಲ್ಲಿದೆ. ಅದನ್ನೂ ತೆಗೆದಿಟ್ಟಿದ್ದೇನೆ, ಪುಸ್ತಕದ ಜೊತೆಗೇ ಹೋಗಬೇಕು.

ಈಗ ನಕ್ಷೆ. ಗಮ್ಮು ನುಂಗಿದ್ದ ಆ ಇಂಚಿನಲ್ಲಿ ಉತ್ತರ ದಿಕ್ಕಿನ ಬಾಣ ಇತ್ತು, ಅಡಿಗಳ ಅಳತೆಪಟ್ಟಿ ಇತ್ತು, ಸ್ಮಶಾನದ ಒಂದು ಬದಿಯ ಗೋಡೆ ಇತ್ತು. ಮೊದಲ ಇಗರ್ಜಿ ಸ್ಮಶಾನದ ಜಾಗದಲ್ಲಿತ್ತು ಅಂತ ಲೇಖನದಲ್ಲಿ ಹಲವು ಸಲ ಬರುತ್ತದೆ. ಬಾಣವೂ ಅಳತೆಯೂ ಇಲ್ಲದೆ ಓದಿದವರಿಗೆ ಅದು ಎಲ್ಲೋ ಆ ಕಡೆ ಅಂತ ಆಗುತ್ತಿತ್ತು. ಈಗ ಈಗಿನ ಇಗರ್ಜಿಯ ಬಾಗಿಲಿನಿಂದ ಅಲ್ಲಿಗೆ ಎಷ್ಟು ಹೆಜ್ಜೆ ಅಂತ ಲೆಕ್ಕ ಹಾಕಬಹುದು. ಬಾಯಮ್ಮನನ್ನು ಕರೆದು ತೋರಿಸಿದೆ. ಕನ್ನಡಕ ಏರಿಸಿ, ಗೋಡೆಯ ಗೆರೆಯ ಮೇಲೆ ಬೆರಳಿಟ್ಟು, "ನಮ್ಮ ಅಪ್ಪ ಇರುವುದು ಇಲ್ಲಿ" ಅಂದರು.

ಮಡಿಕೆಗಳಿಗೆ ಹಿಂಬದಿಯಿಂದ ಕೋಜೋ ಪಟ್ಟಿ ಕೊಟ್ಟಾಗಿದೆ. ನಕ್ಷೆಯನ್ನು ಮತ್ತೆ ಬೆನ್ನಿಗೇ ಹೊಲಿಯುವುದಿಲ್ಲ. ಅಗಲದ ಗಾರ್ಡ್ (ಬೆನ್ನಿಗೆ ಸೇರಿಸಿದ ಕಾಗದದ ಪಟ್ಟಿ) ಹಾಕಿ ಅದಕ್ಕೆ ಕೂರಿಸುತ್ತೇನೆ, ಪುಸ್ತಕ ಯಾವ ಪುಟದಲ್ಲಿದ್ದರೂ ನಕ್ಷೆ ಹೊರಗೆ ಚಾಚಿಕೊಂಡಿರಬೇಕು. ಹೊಲಿಗೆಗೆ ಲಿನನ್ ದಾರ, ಹಳೆಯ ತೂತುಗಳಲ್ಲೇ. ಕಟಿಂಗ್ ಮೆಷಿನ್ ಹತ್ತಿರ ಸುಳಿಯುವುದಿಲ್ಲ. ನಿಮ್ಮಲ್ಲಿ ಯಾರಾದರೂ ಇಂಥ ಫಿರ್ಗಜಿನ, ದೇವಸ್ಥಾನದ, ಶಾಲೆಯ ಹಳೆ ಸಂಚಿಕೆ ಬೈಂಡಿಗೆ ಕೊಡುವುದಿದ್ದರೆ ದಯವಿಟ್ಟು ಬಿಳಿ ಗಮ್ ಬೇಡ, ಟ್ರಿಮ್ ಬೇಡ ಅಂತ ಬರೆದೇ ಕೊಡಿ.

ಇದರ ನಡುವೆ ಮುಂದಿನ ಕೆಲಸವೂ ತಲೆಯಲ್ಲಿ ಕೂತಿದೆ. ಕೊಡಿಯಾಲ್‌ಬೈಲ್ ಪ್ರೆಸ್ಸಿನಲ್ಲಿ ಅಚ್ಚಾದ, ಚರ್ಮದ ಬೈಂಡಿನ ಪ್ರಾರ್ಥನೆ ಪುಸ್ತಕ ಒಂದು ಬಂದಿದೆ. ರೆಡ್ ರಾಟ್, ಅಂದರೆ ಚರ್ಮ ಕೆಂಪಾಗಿ ಪುಡಿಯಾಗುವುದು, ಎಷ್ಟು ಮುಂದೆ ಹೋಗಿದೆಯೆಂದರೆ ಮುಟ್ಟಿದರೆ ಕೈಯೆಲ್ಲ ಇಟ್ಟಿಗೆ ಪುಡಿ. ಕ್ಲೂಸೆಲ್ ಜಿ ಅನ್ನುವ ಸೆಲ್ಯುಲೋಸ್ ಜಾತಿಯ ಪುಡಿಯನ್ನು ಆಲ್ಕೊಹಾಲಿನಲ್ಲಿ ಕಲಸಿ ಹಚ್ಚಬೇಕು. ನನಗೆ ಬೇಕಾದದ್ದು 50 ಗ್ರಾಂ, ಸಿಗುವುದು 25 ಕಿಲೋ ಡ್ರಮ್ಮು. ಹಂಚಿಕೊಳ್ಳುವವರು ಇದ್ದರೆ ಹೇಳಿ.

ಇನ್ನೊಂದು ಮುಖ್ಯ ವಿಷಯ. ಈ ಸಂಚಿಕೆಯಲ್ಲಿ 37ರಿಂದ 40ರವರೆಗಿನ ಪುಟಗಳು ಇಲ್ಲ. 1911ರಲ್ಲಿ ಮುಖಭಾಗ ಕುಸಿದ ಮೇಲಿನ ಕೆಲಸದ ವಿವರ ಅಲ್ಲಿರಬೇಕು, ಏಕೆಂದರೆ 36ನೇ ಪುಟ ಕುಸಿತದ ಸುದ್ದಿಯಲ್ಲೇ ನಿಲ್ಲುತ್ತದೆ. ನಿಮ್ಮ ಅಜ್ಜಿಮನೆಯ ಪೆಟ್ಟಿಗೆಯಲ್ಲಿ ಇನ್ನೊಂದು ಪ್ರತಿ ಇದ್ದರೆ ಆ ನಾಲ್ಕು ಪುಟಗಳ ಫೋಟೊ ಕಳಿಸಿ. ಒಳ್ಳೆಯ ಕಾಗದದಲ್ಲಿ ಅಚ್ಚು ಹಾಕಿಸಿ, ಅದರದೇ ಜಾಗದಲ್ಲಿ ಸೇರಿಸಿ ಹೊಲಿಯುತ್ತೇನೆ. ಹೊಸ ರಟ್ಟು ಬರುವವರೆಗೆ ಬೆನ್ನು ಮುಚ್ಚುವುದಿಲ್ಲ, ಹಾಗಾಗಿ ಸಮಯ ಇದೆ.