ಹೂ ಕಟ್ಟುವ ದಾರ, ಒಂಬತ್ತು ವ್ಯಾಟಿನ ದೀಪ

ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ತಿಂಡಿ ತಡ. ಆ ಹೊತ್ತಿಗೆ ನಾನು ಚಿಕ್ಕಪೇಟೆಯಲ್ಲಿರುತ್ತೇನೆ. ಅವೆನ್ಯೂ ರಸ್ತೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗಳ ಅಂಗಡಿಗಳು ಬಾಗಿಲೆಳೆದುಕೊಂಡು ಮಲಗಿರುವಾಗ, ಅವುಗಳ ಮುಂದೆ ಟಾರ್ಪಾಲು ಹಾಸಿ ಗುಜರಿ ಸಾಮಾನು ಸುರಿಯುತ್ತಾರೆ. ಅದೇ ಸಂಡೇ ಬಜಾರ್. ಭಾನುವಾರ ಮೆಟ್ರೋ ತಡವಾಗಿ ಶುರುವಾಗುವುದರಿಂದ ಹನುಮಂತನಗರದಿಂದ ಮಾರ್ಕೆಟ್ಟಿಗೆ ಬಸ್ಸಿನಲ್ಲಿಯೇ ಹೋಗುತ್ತೇನೆ. ಕೈಚೀಲದಲ್ಲಿ ಒಂದು ಟಾರ್ಚ್, ಎರಡು ಸ್ಕ್ರೂಡ್ರೈವರ್, ಮಲ್ಟಿಮೀಟರ್, ನಾಲ್ಕು ದೊಡ್ಡ ಸೆಲ್, ನಾಲ್ಕು ಪೆನ್ ಸೆಲ್. ಸೊಪ್ಪು ತರುವ ಚೀಲವೂ ಅದೇ. ಮಲ್ಟಿಮೀಟರಿನ ವೈರಿಗೆ ಸಬ್ಬಸಿಗೆಯ ವಾಸನೆ ಹತ್ತಿದೆ ಎಂದು ಮಗ ದೂರುತ್ತಾನೆ.

ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪ್ರಯೋಗಾಲಯದ ಸಹಾಯಕಿ. ಬೆಸುಗೆ ಹಾಕುವುದನ್ನು ಯಾರೂ ಕೂರಿಸಿಕೊಂಡು ಕಲಿಸಲಿಲ್ಲ, ಹುಡುಗರು ಕಲಿಸಿದರು. ಮೀಟರನ್ನು ಆಂಪಿಯರ್ ಗುಂಡಿಯಲ್ಲಿ ಇಟ್ಟುಕೊಂಡು ನೇರವಾಗಿ ಬ್ಯಾಟರಿಗೆ ಹಚ್ಚುವ ಹುಡುಗರು ಪ್ರತಿ ವರ್ಷವೂ ಬರುತ್ತಾರೆ. ಸುಟ್ಟದ್ದನ್ನು ರಿಪೇರಿಗೆ ಕಳಿಸಿದರೆ ತಿಂಗಳುಗಟ್ಟಲೆ ಬರುವುದಿಲ್ಲ. ಹಾಗಾಗಿ ಬಿಚ್ಚಿ ನೋಡಲು ಶುರುಮಾಡಿದೆ. ಕಾಲೇಜಿನದು ಮುಗಿದ ಮೇಲೆ ಮನೆಯದು, ಮನೆಯದು ಮುಗಿದ ಮೇಲೆ ಊರಿನದು.

ಬಜಾರಿನಲ್ಲಿ ನನಗೆ ನಾನೇ ಹಾಕಿಕೊಂಡ ಕೆಲವು ಕಟ್ಟುಪಾಡುಗಳಿವೆ. ಮೊಬೈಲ್ ಕೊಳ್ಳುವುದಿಲ್ಲ, ಯಾರ ಜೇಬಿನಿಂದ ಬಂದಿದೆಯೋ ಗೊತ್ತಾಗುವುದಿಲ್ಲ. ಹೊಟ್ಟೆ ಉಬ್ಬಿದ ಬ್ಯಾಟರಿ ಇರುವ ಯಾವುದನ್ನೂ ಮುಟ್ಟುವುದಿಲ್ಲ. ಮೈಕ್ರೊವೇವ್ ಒಲೆಯನ್ನು ಪುಕ್ಕಟೆ ಕೊಟ್ಟರೂ ಬೇಡ. ಅದರೊಳಗೆ ಕರೆಂಟನ್ನು ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಎಂಬ ಭಾಗ ಸುಮಾರು 2000 ವೋಲ್ಟನ್ನು ಹೊತ್ತುಕೊಂಡಿರುತ್ತದೆ. ಪ್ಲಗ್ ಕಿತ್ತಮೇಲೂ ಅದರ ಸಿಟ್ಟು ತಕ್ಷಣ ಇಳಿಯುವುದಿಲ್ಲ. ಗೋಡೆಯ ಕರೆಂಟಿನಲ್ಲಿ ನಡೆಯುವ ಮಿಕ್ಕ ಯಾವುದೇ ಆಗಲಿ, ಮೊದಲ ಸಲ ಅದನ್ನು ಸೀರೀಸ್ ಬಲ್ಬಿನ ಮೂಲಕವೇ ಹಚ್ಚುತ್ತೇನೆ. ಹಳೆಯ ಕಾಲದ ತಂತಿ ದೀಪ, 100 ವ್ಯಾಟಿನದು, ಸಾಲಿನಲ್ಲಿ ನಡುವೆ ಕೂತಿರುತ್ತದೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಸಾಮಾನು ಉಳಿಯುತ್ತದೆ, ಮನೆಯ ಫ್ಯೂಸೂ ಉಳಿಯುತ್ತದೆ. ಈಗ ಆ ಬಲ್ಬೇ ಸಿಗುವುದು ಕಷ್ಟವಾಗಿದೆ. ನನ್ನ ಹತ್ತಿರ ಮೂರಿವೆ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ.

ಈ ಕಟ್ಟುಪಾಡುಗಳೆಲ್ಲ ಪೆಟ್ಟು ತಿಂದ ಮೇಲೆ ಬಂದವು. ಒಮ್ಮೆ ಡಿವಿಡಿ ಪ್ಲೇಯರ್ ಒಂದರ ಪವರ್ ಸಪ್ಲೈ ಹಲಗೆಯನ್ನು ಪ್ಲಗ್ ಕಿತ್ತು ಎರಡೇ ನಿಮಿಷಕ್ಕೆ ಹಿಡಿದೆ. 230 ವೋಲ್ಟ್ ಎಂದು ನಾವು ಹೇಳುವುದು ಆರ್‌ಎಂಎಸ್ ಎಂಬ ಒಂದು ಬಗೆಯ ಸರಾಸರಿ ಲೆಕ್ಕ, ಅಲೆಯ ತುದಿ ಅದಕ್ಕಿಂತ ಮೇಲಿರುತ್ತದೆ. ಅದನ್ನು ನೇರಮಾಡಿ ಕೆಪಾಸಿಟರಿನಲ್ಲಿ ತುಂಬಿದಾಗ ಸುಮಾರು 325 ಆಗುತ್ತದೆ. ಅದು ಹೆಬ್ಬೆರಳಿನಿಂದ ಹೋಗಿ ಮೊಣಕೈಯಲ್ಲಿ ಕೂತಿತು. ಪಾಠ ಮಾಡುವ ಮೇಷ್ಟರಿಗೆ ಹತ್ತು ವರ್ಷ ಪ್ರಯೋಗ ಜೋಡಿಸಿಕೊಟ್ಟವಳು ನಾನು, ಹೊರಗೆ ಹೇಳಿಕೊಳ್ಳುವ ಹಾಗಿರಲಿಲ್ಲ.

ಈಗ ರೇಡಿಯೊದ ಕತೆ.

2019ರ ಮಾರ್ಚ್ ತಿಂಗಳ ಒಂದು ಭಾನುವಾರ. ರಿಮೋಟುಗಳ ಗುಡ್ಡೆಯ ಪಕ್ಕದಲ್ಲಿ, ಮುಚ್ಚಳವಿಲ್ಲದ ಮಿಕ್ಸಿ ಜಾರ್‌ಗಳ ನಡುವೆ, ಮರದ ಪೆಟ್ಟಿಗೆಯ ಟ್ರಾನ್ಸಿಸ್ಟರ್ ರೇಡಿಯೊ ಒಂದು ಮಕಾಡೆ ಮಲಗಿತ್ತು. ಮುಂಭಾಗದ ಲೋಹದ ಅಕ್ಷರಗಳಲ್ಲಿ ಎರಡು ಮಾತ್ರ ಉಳಿದಿದ್ದವು, ಕಂಪನಿ ಯಾವುದೆಂದು ಓದಲು ಬರುತ್ತಿರಲಿಲ್ಲ.

"ಹಾಡುತ್ತದೆಯೇ ಅಣ್ಣ?"

"ಸೆಲ್ ಹಾಕಿದರೆ ಹಾಡುತ್ತದೆ ಅಮ್ಮ."

"ನಾನು ಸೆಲ್ ತಂದಿದ್ದೇನೆ."

ಅವರ ಮುಖ ಸ್ವಲ್ಪ ಇಳಿಯಿತು. ನಾಲ್ಕು ದೊಡ್ಡ ಸೆಲ್ ಹಾಕಿ ಗುಂಡಿ ತಿರುಗಿಸಿದೆ. ಹಾಡಲಿಲ್ಲ, ದೂರದಲ್ಲಿ ಡೀಸೆಲ್ ಪಂಪ್‌ಸೆಟ್ ಓಡುತ್ತಿರುವ ಹಾಗೆ ಟುಕ್ ಟುಕ್ ಟುಕ್ ಎಂದಿತು. ನಾನು ಮುಖ ಗಂಟು ಹಾಕಿಕೊಂಡೆ, ಒಳಗೊಳಗೇ ಹಿಗ್ಗಿದೆ. ಆ ಸದ್ದು ಬಂತೆಂದರೆ ಸ್ಪೀಕರ್ ಬದುಕಿದೆ, ಸ್ಪೀಕರಿಗೆ ದನಿ ತಳ್ಳುವ ಔಟ್‌ಪುಟ್ ಭಾಗ ಬದುಕಿದೆ, ಸಾಯುತ್ತಿರುವುದು ಸೆಲ್ಲುಗಳ ಪಕ್ಕದ ಕೆಪಾಸಿಟರ್ ಮಾತ್ರ ಎಂದು ಬಹುಮಟ್ಟಿಗೆ ಹೇಳಬಹುದು. ನಾನೂರು ಹೇಳಿದರು, ನೂರೈವತ್ತು ಕೇಳಿದೆ. ಪಕ್ಕದ ಟಾರ್ಪಾಲಿನವರು ಇಬ್ಬರಿಗೂ ಬುದ್ಧಿ ಹೇಳಿ ಇನ್ನೂರೈವತ್ತಕ್ಕೆ ಮುಗಿಸಿದರು.

ಮನೆಗೆ ಬಂದು ಬೆನ್ನಿನ ಹಲಗೆ ಬಿಚ್ಚಿದೆ. ನಾಲ್ಕು ಸ್ಕ್ರೂ ಇರಬೇಕಾದಲ್ಲಿ ಮೂರಿದ್ದವು. ನಾನು ಈ ಹವ್ಯಾಸಕ್ಕೆ ಬಿದ್ದದ್ದು ಈ ಒಂದು ಗಳಿಗೆಗಾಗಿ ಎಂದರೂ ಸರಿ. ಒಳಗೆ ಧೂಳು, ಸತ್ತ ಜಿರಲೆ, ಮತ್ತು ನನಗಿಂತ ಮೊದಲು ಅದನ್ನು ಬಿಚ್ಚಿದವರ ಕೈಬರಹ. ನಿಜಕ್ಕೂ ಕೈಬರಹವೇ ಇತ್ತು. ಹಲಗೆಯ ಒಳಮೈಗೆ ಅಂಟಿಸಿದ ಕಂದು ಚೀಟಿಯಲ್ಲಿ ಪೆನ್ಸಿಲಿನಲ್ಲಿ "14-8-81, ಔಟ್‌ಪುಟ್ ಒಂದು ಬದಲು, ದಾರ ಹಾಕಿದೆ" ಎಂದು ಬರೆದಿತ್ತು. ಸಹಿ ಇಲ್ಲ, ಅಂಗಡಿಯ ಹೆಸರಿಲ್ಲ.

ಟಾರ್ಚ್ ಬಿಟ್ಟು ನೋಡಿದೆ. ಹೌದು, ಔಟ್‌ಪುಟ್ಟಿನ ಜೋಡಿ ಎಸಿ 128 ಜರ್ಮೇನಿಯಂ ಟ್ರಾನ್ಸಿಸ್ಟರುಗಳಲ್ಲಿ ಒಂದು ಮಾಸಿದೆ, ಇನ್ನೊಂದು ಹೊಳೆಯುತ್ತಿದೆ. ಎರಡರ ಮೇಲೂ ಬಿಇಎಲ್ ಎಂದು ಅಚ್ಚಾಗಿದೆ. 1954ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ನಮ್ಮ ಭಾರತ್ ಎಲೆಕ್ಟ್ರಾನಿಕ್ಸ್. ಕಾಳುಮೆಣಸಿನ ಡಬ್ಬಿಯಲ್ಲಿ ಹಾಕಿಟ್ಟರೆ ಕಳೆದೇಹೋಗುವಷ್ಟು ಸಣ್ಣ ಲೋಹದ ಟೋಪಿಗಳು. ಬೆಂಗಳೂರಿನಲ್ಲೇ ಹುಟ್ಟಿ, ಯಾವ ಯಾವ ಊರಿನ ಅಡುಗೆಮನೆಗಳಲ್ಲಿ ಮಾತಾಡಿ, ಮತ್ತೆ ಚಿಕ್ಕಪೇಟೆಗೆ ಬಂದು ಬಿದ್ದಿದ್ದವೋ. ಎರಡನ್ನೂ ಅಳೆದೆ. ಎರಡೂ ಸರಿಯಾಗಿದ್ದವು. 1981ರ ಪುಣ್ಯಾತ್ಮನ ಬೆಸುಗೆ ಕೂಡ ಚೊಕ್ಕವಾಗಿತ್ತು, ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ.

ಆದರೆ ಅವನ ದಾರ! ಹಳೆಯ ರೇಡಿಯೊದಲ್ಲಿ ಸ್ಟೇಷನ್ ತಿರುಗಿಸುವ ಗುಂಡಿಗೂ, ತಿರುಗಿ ಸ್ಟೇಷನ್ ಹಿಡಿಯುವ ಗ್ಯಾಂಗ್ ಕಂಡೆನ್ಸರಿಗೂ ನಡುವೆ ಹಲ್ಲಿನ ಚಕ್ರಗಳಿರುವುದಿಲ್ಲ, ದಾರವಿರುತ್ತದೆ. ಗುಂಡಿಯ ಕಡ್ಡಿಗೆ ಎರಡೂವರೆ ಸುತ್ತು, ಅಲ್ಲಿಂದ ಮೂಲೆಯ ಪುಟ್ಟ ರಾಟೆಗಳ ಮೇಲೆ ಹಾದು, ಗ್ಯಾಂಗಿನ ದೊಡ್ಡ ಚಕ್ರಕ್ಕೆ ಸುತ್ತಿ, ಕೊನೆಯಲ್ಲಿ ಒಂದು ಸ್ಪ್ರಿಂಗಿಗೆ ಕಟ್ಟಬೇಕು. ನಡುವಿನ ದಾರಕ್ಕೆ ಮುಳ್ಳು ಸಿಕ್ಕಿಸಿರುತ್ತದೆ. ಡಯಲಿನ ಮೇಲೆ ಓಡಾಡುವ ಕೆಂಪು ಗೆರೆ ಅದೇ. ಈ ಮಹಾನುಭಾವ ಅಲ್ಲಿ ಹೂ ಕಟ್ಟುವ ದಾರ ಹಾಕಿದ್ದ! ಬಿಳಿ ಹತ್ತಿಯ ದಾರ, ಮೂರು ಕಡೆ ಗಂಟು. ಹೂವಿನ ಮಾಲೆಗೆ ಹಾಕುವಂಥದ್ದೇ ಗಂಟು. ಗಂಟು ರಾಟೆಗೆ ಬಂದಾಗ ಮುಳ್ಳು ನಿಲ್ಲುತ್ತಿತ್ತು, ಗ್ಯಾಂಗ್ ಮುಂದೆ ಹೋಗುತ್ತಿತ್ತು. ಡಯಲ್ ಒಂದು ಹೇಳಿದರೆ ರೇಡಿಯೊ ಇನ್ನೊಂದು ಕೇಳುತ್ತಿತ್ತು. ಆಗಸ್ಟ್ ಹದಿನಾಲ್ಕು, ನಾಳೆ ಸ್ವಾತಂತ್ರ್ಯ ದಿನದ ಭಾಷಣಕ್ಕೆ ಬೇಕು ಎಂದು ಯಾರೋ ತಲೆಯ ಮೇಲೆ ಕೂತಿದ್ದರೇನೋ. ಪಾಪ, ಕೈಗೆ ಸಿಕ್ಕ ದಾರ ಹಾಕಿದ.

ದಾರ ಹಾಕುವುದು ತಾಳ್ಮೆಗೆ ಹಿಡಿದ ಪರೀಕ್ಷೆ. ಸಾದಾ ನೈಲಾನ್ ಜಾರುತ್ತದೆ. ಹತ್ತಿ ಹಿಗ್ಗುತ್ತದೆ. ನಾನು ಚಪ್ಪಲಿ ಹೊಲಿಯಲು ಬಳಸುವ ಮೇಣದ ದಾರ ತಂದೆ. ಮೇಣ ಕಡ್ಡಿಯನ್ನು ಕಚ್ಚಿಕೊಳ್ಳುತ್ತದೆ. ಆರು ಸಲ ಸುತ್ತಿದೆ, ಆರು ಸಲವೂ ಕೊನೆಯ ಗಂಟು ಬಿಗಿಯುವ ಹೊತ್ತಿಗೆ ಮೊದಲ ಸುತ್ತು ರಾಟೆಯಿಂದ ಹಾರಿತು. ಏಳನೆಯ ಸಲ ಅತ್ತೆಯನ್ನು ಕರೆದು ಬೆರಳಿಟ್ಟು ಹಿಡಿದುಕೊಳ್ಳಲು ಹೇಳಿದೆ. ಎಂಬತ್ತೊಂದು ವರ್ಷದ ಬೆರಳು, ಅಲುಗಾಡಲಿಲ್ಲ. "ಮೊಗ್ಗು ಕಟ್ಟುವುದಕ್ಕೆ ಇಷ್ಟು ಒದ್ದಾಡುವುದಿಲ್ಲ ಕಣೇ ನಾವು" ಎಂದರು.

ಮಿಕ್ಕದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಸೆಲ್ ಸೋರಿ ಹಸಿರುಗಟ್ಟಿದ್ದ ಪಟ್ಟಿಗಳನ್ನು ಮರಳು ಕಾಗದದಲ್ಲಿ ಉಜ್ಜಿದೆ. ಸ್ಪೀಕರಿನ ಹರಿದ ಕಾಗದಕ್ಕೆ ಟಿಶ್ಯೂ ಮತ್ತು ನೀರು ಬೆರೆಸಿದ ಅಂಟು. ಕೆಪಾಸಿಟರುಗಳಿಗೆ ಶನಿವಾರ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋದೆ. ಸಾದರ್ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರು ಅಲ್ಲಿನ ಬೋರ್ಡುಗಳಲ್ಲಷ್ಟೇ ಉಳಿದಿದೆ. ನನಗೆ ಬೇಕಾದದ್ದು ಐದು. ಅಂಗಡಿಯವರು ಬಿಡಿಯಾಗಿ ಕೊಡುವುದಿಲ್ಲ, ಹತ್ತು ತೆಗೆದುಕೊಳ್ಳಿ ಎಂದರು. ಹೀಗೆಯೇ ನನ್ನ ಮನೆಯಲ್ಲಿ ಅರ್ಧ ಅಂಗಡಿ ಬೆಳೆದಿದೆ.

ಎಲ್ಲ ಹಾಕಿ ಗುಂಡಿ ತಿರುಗಿಸಿದೆ. ಟುಕ್ ಟುಕ್ ಹೋಗಿತ್ತು. ಅದರ ಜಾಗದಲ್ಲಿ ಜೇನುಗೂಡಿಗೆ ಕಲ್ಲು ಹೊಡೆದಂತೆ ಗುಂಯ್ ಎನ್ನುವ ಸದ್ದು. ಡಯಲಿನ ಈ ಕೊನೆಯಿಂದ ಆ ಕೊನೆಯವರೆಗೆ ಅದೇ. 612 ಕಿಲೋಹರ್ಟ್ಸ್, ಅಂದರೆ 490 ಮೀಟರ್ ಹತ್ತಿರ ಬೆಂಗಳೂರು ಆಕಾಶವಾಣಿ ಇರಬೇಕು. ಆ ಗುಂಯ್ ಹಿಂದೆ ಯಾರೋ ಗಂಡಸಿನ ದನಿ ಮುಳುಗಿ ಏಳುತ್ತಿತ್ತು, ಏನು ಹೇಳುತ್ತಿದ್ದಾನೆಂದು ತಿಳಿಯುತ್ತಿರಲಿಲ್ಲ.

ಮೂರು ವಾರ ಅದರ ಹಿಂದೆ ಬಿದ್ದೆ. ಐಎಫ್‌ಟಿಗಳ ಮೇಲೆ, ಅಂದರೆ ಸ್ಟೇಷನ್ನಿನ ಸಿಗ್ನಲನ್ನು ಸೋಸಿ ಕೊಡುವ ಪುಟ್ಟ ಸುರುಳಿಗಳ ಮೇಲೆ, ಅನುಮಾನಪಟ್ಟು ಅವನ್ನು ತಿರುಗಿಸಿದೆ. ಏರಿಯಲ್ ರಾಡಿಗೆ ಸುತ್ತಿದ ಕೂದಲೆಳೆಯ ತಂತಿ ಎಲ್ಲೋ ತುಂಡಾಗಿದೆ ಎಂದುಕೊಂಡು ಅಳೆದೆ, ತುಂಡಾಗಿರಲಿಲ್ಲ. ಹೊಳೆಯುವ ಎಸಿ 128ರ ಮೇಲೂ ಕಣ್ಣು ಹಾಕಿದೆ. 1981ರವನನ್ನು ಮನಸ್ಸಿನಲ್ಲೇ ಬೈದೆ. ಕಾಲೇಜಿಗೆ ಒಯ್ದು ಪ್ರಯೋಗಾಲಯದ ಮೇಜಿನ ಮೇಲೆ ಇಟ್ಟರೆ ಗುಂಯ್ ಇನ್ನೂ ಜೋರು. ಅಲ್ಲಿಗೆ ದೋಷ ರೇಡಿಯೊದಲ್ಲೇ ಇದೆ ಎಂದು ಖಾತ್ರಿಯಾಯಿತು. ನಮ್ಮವರು ಒಂದು ಮಾತೂ ಆಡಲಿಲ್ಲ. ಇನ್ನೂರೈವತ್ತರ ರೇಡಿಯೊಗೆ ಆರುನೂರು ಖರ್ಚಾಗಿದ್ದರೂ ಆಡಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಏಪ್ರಿಲ್‌ನಲ್ಲಿ ಒಂದು ಸಂಜೆ ಮಳೆ ಬಂತು. ಏಪ್ರಿಲ್ ಮಳೆ ಎಂದರೆ ಬೆಂಗಳೂರಿನವರಿಗೆ ಗೊತ್ತು: ಅರ್ಧ ಗಂಟೆ ಗಾಳಿ, ಎರಡು ಮರ, ಕರೆಂಟ್ ಇಲ್ಲ. ನಾನು ಆಗಲೂ ಮೇಜಿನ ಮುಂದೆ ಕೂತಿದ್ದೆ, ರೇಡಿಯೊ ಗುಂಯ್‌ಗುಡುತ್ತಿತ್ತು. ದೀಪ ಆರಿತು. ಅದರ ಜೊತೆಗೇ ಗುಂಯ್ ಕೂಡ ಆರಿತು. ಕತ್ತಲೆಯಲ್ಲಿ ಒಬ್ಬರು ಪಕ್ಕದಲ್ಲೇ ಕೂತು ಹೇಳಿದ ಹಾಗೆ, "...ಟೊಮ್ಯಾಟೊ ಗಿಡಗಳಲ್ಲಿ ಎಲೆ ಮುರುಟು ರೋಗವನ್ನು ಹರಡುವುದು ಬಿಳಿನೊಣ" ಎಂದರು.

ನನಗೆ ಮೈ ಜುಮ್ಮೆಂದಿತು. ರೈತರ ಕಾರ್ಯಕ್ರಮ. ದೂರದಲ್ಲಿ ಮಿಂಚಿದಾಗಲೆಲ್ಲ ಸ್ಪೀಕರಿನಲ್ಲಿ ಚಟ್ ಎನ್ನುತ್ತಿತ್ತು, ಆಮೇಲೆ ಗುಡುಗು ಬರುತ್ತಿತ್ತು. ಅತ್ತೆ ತಡಕಾಡಿಕೊಂಡು ಬಂದು ಕುರ್ಚಿಯಲ್ಲಿ ಕೂತರು. ಬಿಳಿನೊಣಕ್ಕೆ ಹಳದಿ ಅಂಟು ಹಾಳೆ ತೂಗುಹಾಕಬೇಕಂತೆ. ನಮ್ಮಲ್ಲಿ ಟೊಮ್ಯಾಟೊ ಗಿಡವಿಲ್ಲ, ಬಾಲ್ಕನಿಯಲ್ಲಿ ಇರುವುದು ಒಂದು ತುಳಸಿ, ಒಂದು ದೊಡ್ಡಪತ್ರೆ. ಆದರೂ ಇಬ್ಬರೂ ಕೊನೆಯವರೆಗೆ ಕೇಳಿದೆವು.

ಕರೆಂಟ್ ಬಂತು, ಗುಂಯ್ ಬಂತು. ಆಗ ರೇಡಿಯೊವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಯ ಒಂದೊಂದೇ ಸ್ವಿಚ್ ಆರಿಸುತ್ತ ಹೋದೆ. ಫ್ರಿಜ್ ಅಲ್ಲ. ಫ್ಯಾನ್ ಅಲ್ಲ. ಮಗನ ಮೊಬೈಲ್ ಚಾರ್ಜರ್ ಕಿತ್ತಾಗ ಗುಂಯ್ ಸ್ವಲ್ಪ ಇಳಿಯಿತು. ಇಂಟರ್ನೆಟ್ ಪೆಟ್ಟಿಗೆಯನ್ನು ಆರಿಸಿದಾಗ ಇನ್ನೂ ಸ್ವಲ್ಪ, ಮಗನ ಕೋಣೆಯಿಂದ ಕೂಗು ಬಂತು. ಕೊನೆಗೆ ಉಳಿದದ್ದು ನನ್ನ ಮೇಜಿನ ಮೇಲಿನ ಎಲ್‌ಇಡಿ ದೀಪ, ಒಂಬತ್ತು ವ್ಯಾಟಿನದು, ಫುಟ್‌ಪಾತಿನಲ್ಲಿ ಅಗ್ಗಕ್ಕೆ ಕೊಂಡದ್ದು. ರೇಡಿಯೊದ ಹೊಟ್ಟೆ ಚೆನ್ನಾಗಿ ಕಾಣಲಿ ಎಂದು ನಾನೇ ಅದನ್ನು ಬಗ್ಗಿಸಿ ಅದರ ತಲೆಯ ಮೇಲೆಯೇ ಇಟ್ಟಿದ್ದೆ.

ಇದರಲ್ಲಿ ಗುಟ್ಟೇನೂ ಇಲ್ಲ. ಅಂಥ ದೀಪದ ಬುಡದಲ್ಲಿರುವ ಪುಟ್ಟ ಸರ್ಕ್ಯೂಟ್ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸುತ್ತದೆ. ಅದು 60 ಕಿಲೋಹರ್ಟ್ಸಿನಲ್ಲಿ ಕತ್ತರಿಸಿದರೆ ಅದರ ಮರಿಗಳು 120, 180, ಹಾಗೆಯೇ 600, 660ರಲ್ಲೂ ಹುಟ್ಟುತ್ತವೆ; ನೇರವಾಗಿ ಈ ರೇಡಿಯೊ ಕೇಳುವ ಮೀಡಿಯಂ ವೇವ್ ಅಂಗಳಕ್ಕೆ. ಒಳ್ಳೆಯ ದೀಪಗಳಲ್ಲಿ ಅದನ್ನು ತಡೆಯುವ ಸುರುಳಿ, ಕೆಪಾಸಿಟರ್ ಇರುತ್ತವೆ. ಅಗ್ಗದವುಗಳಲ್ಲಿ ಅವಕ್ಕೆ ಜಾಗ ಬಿಟ್ಟಿರುತ್ತಾರೆ, ಹಾಕಿರುವುದಿಲ್ಲ. ಬಿಚ್ಚಿ ನೋಡಿದೆ, ಬಿಟ್ಟ ಜಾಗ ಹಾಗೆಯೇ ಇತ್ತು. ಕಾಲೇಜಿನಲ್ಲಿ ಇಪ್ಪತ್ತು ಟ್ಯೂಬುಗಳು, ಹದಿನೈದು ಕಂಪ್ಯೂಟರುಗಳು. ಅಲ್ಲಿ ಜೋರಾಗಿ ಕೇಳಿದ್ದರಲ್ಲಿ ಆಶ್ಚರ್ಯವೇನು? ಮೊಬೈಲಿನಲ್ಲಿ ಎಫ್‌ಎಂ ಮಾತ್ರ ಕೇಳಿ ಅಭ್ಯಾಸವಾಗಿದ್ದ ನನಗೆ ಇದು ಹೊಳೆಯಲೇ ಇಲ್ಲ. ಎಫ್‌ಎಂ ಇರುವುದು ಬಹಳ ಮೇಲೆ, ಈ ಗಲಾಟೆ ಅಲ್ಲಿಗೆ ಅಷ್ಟಾಗಿ ಮುಟ್ಟುವುದಿಲ್ಲ.

ಮೂರು ವಾರಗಳಲ್ಲಿ ನಾನು ತಿರುಗಿಸಿ ಕೆಡಿಸಿದ್ದ ಐಎಫ್‌ಟಿಗಳನ್ನು ಮತ್ತೆ ಸರಿಗೆ ತರಲು ಇನ್ನೊಂದು ವಾರ ಹಿಡಿಯಿತು. ಅದನ್ನು ದೀಪ ಆರಿಸಿಕೊಂಡು, ಬಾಲ್ಕನಿಯಲ್ಲಿ, ಹಗಲು ಬೆಳಕಿನಲ್ಲಿ ಮಾಡಿದೆ.

ಮುಚ್ಚುವ ಮೊದಲು ಆ ಕಂದು ಚೀಟಿಯಲ್ಲಿ ಜಾಗ ಉಳಿದಿದೆಯೇ ನೋಡಿದೆ. ಎರಡು ಸಾಲಿಗೆ ಸಾಲುವಷ್ಟು ಇತ್ತು. ಪೆನ್ಸಿಲ್ ತೆಗೆದುಕೊಂಡು ಅವನ ಸಾಲಿನ ಕೆಳಗೆ ಬರೆದೆ: "28-4-19. ಕೆಪಾಸಿಟರ್ ಐದು. ದಾರ ಬದಲು. ಔಟ್‌ಪುಟ್ ಸರಿ ಇದೆ, ಮುಟ್ಟಬೇಡಿ. ಮೇಜಿನ ದೀಪ ಬದಲು." ಆಮೇಲೆ ಹಲಗೆ ಕೂರಿಸಿ ಮೂರು ಸ್ಕ್ರೂ ತಿರುಗಿಸಿದೆ. ನಾಲ್ಕನೆಯದು ಇನ್ನೂ ಸಿಕ್ಕಿಲ್ಲ.