ಗಾಯ್ತೊಂಡೆಯವರ ರೋಲರ್

ಚಿತ್ರಕಲಾವಿದ ವಿ.ಎಸ್. ಗಾಯ್ತೊಂಡೆಯವರ ಚಿತ್ರವನ್ನು ಫೋನಿನಲ್ಲಿ ನೋಡಿ 'ಬರೀ ಬಣ್ಣ ಬಳಿದಿದ್ದಾರೆ' ಅಂದುಬಿಡುವುದು ಸುಲಭ. ಆ ಬಣ್ಣ ಅಲ್ಲಿಗೆ ಬಂದ ಬಗೆ ತಿಳಿದರೆ ಹಾಗೆ ಅನ್ನಲು ಬಾಯಿ ಬರುವುದಿಲ್ಲ.

ಹುಟ್ಟಿದ್ದು 1924ರಲ್ಲಿ, ನಾಗಪುರದಲ್ಲಿ. ಓದಿದ್ದು ಮುಂಬೈನ ಜೆ.ಜೆ. ಕಲಾಶಾಲೆ. ಪಳಗಿದ ಮೇಲೆ ಕುಂಚ ಬದಿಗಿಟ್ಟು ರೋಲರ್, ಬಣ್ಣ ಕಲಸುವ ಪ್ಯಾಲೆಟ್ ಚಾಕು ಹಿಡಿದರು. ತೆಳುವಾಗಿ ತೈಲವರ್ಣದ ಪದರ ಹಾಕುವುದು, ರೋಲರ್ ಎಳೆಯುವುದು, ಚಾಕುವಿನಿಂದ ಕೆರೆದು ಅಡಿಯ ಬಣ್ಣವನ್ನು ಅಲ್ಲಲ್ಲಿ ಮೇಲಕ್ಕೆ ತರುವುದು. ಹರಿದ ಕಾಗದದ ಚೂರುಗಳನ್ನು ಒತ್ತಿ ಎತ್ತಿದಾಗ ಉಳಿಯುವ ಗುರುತುಗಳೇ ನಮಗೆ ಯಾವುದೋ ಲಿಪಿಯಂತೆ ಕಾಣುತ್ತವೆ.

ಇಲ್ಲಿ ಎಲ್ಲವೂ ಹದದ ಮೇಲೆ ನಿಂತಿದೆ. ಅಡಿಯ ಪದರ ತೀರಾ ಹಸಿಯಿದ್ದರೆ ಎರಡೂ ಬಣ್ಣ ಕಲಸಿ ರಾಡಿಯಾಗುತ್ತದೆ; ಪೂರ್ತಿ ಒಣಗಿದರೆ ಚಾಕುವಿಗೆ ಬಗ್ಗುವುದಿಲ್ಲ. ಮೇಲಿನ ಪದರದಲ್ಲಿ ಎಣ್ಣೆಯಂಶ ಅಡಿಯದಕ್ಕಿಂತ ಕಡಿಮೆಯಾದರೆ ಅದು ಬೇಗ ಒಣಗಿ, ಅಡಿಯದು ಇನ್ನೂ ಅಲುಗಾಡುವಾಗ ಬಿರುಕು ಬಿಡುತ್ತದೆ. ಹಾಗಾಗಿ ಕಾಯಲೇಬೇಕು. ವರ್ಷಕ್ಕೆ ಅವರು ಮುಗಿಸುತ್ತಿದ್ದದ್ದು ಐದಾರು ಚಿತ್ರ ಮಾತ್ರ.

ಕಾಯುವುದನ್ನೂ ಕೆಲಸದ ಲೆಕ್ಕಕ್ಕೆ ಸೇರಿಸಿದರೆ ಅವರಷ್ಟು ದುಡಿದವರು ವಿರಳ ಅನ್ನಿಸುತ್ತದೆ ನನಗೆ. ತಮ್ಮ ಚಿತ್ರಗಳನ್ನು ಅವರು ಅಮೂರ್ತ ಅನ್ನುತ್ತಿರಲಿಲ್ಲ, 'ವಸ್ತುರಹಿತ' (ನಾನ್-ಆಬ್ಜೆಕ್ಟಿವ್) ಅನ್ನುತ್ತಿದ್ದರು. 2001ರಲ್ಲಿ ತೀರಿಕೊಂಡರು, 2014ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಕಲಾ ವಸ್ತುಸಂಗ್ರಹಾಲಯ ಅವರ ಚಿತ್ರಗಳ ದೊಡ್ಡ ಪ್ರದರ್ಶನ ಮಾಡಿತು.

ಮೂಲಚಿತ್ರ ನೋಡುವ ಅವಕಾಶ ಸಿಕ್ಕರೆ ಎದುರಿಗಷ್ಟೇ ನಿಲ್ಲಬೇಡಿ. ಪಕ್ಕಕ್ಕೆ ಸರಿದು, ಬೆಳಕು ಓರೆಯಾಗಿ ಬೀಳುವ ಕಡೆಯಿಂದ ನೋಡಿ. ಚಾಕು ಎಲ್ಲಿ ನಿಂತಿತು ಅನ್ನುವುದು ಆಗ ಕಾಣುತ್ತದೆ.