ಅರವತ್ತರಲ್ಲಿ ಹೊರನಾಡಿಗೆ ಬಂದ ಪ್ರಾಧ್ಯಾಪಕರು

ಇಟಲಿಯ ಈಶಾನ್ಯ ಮೂಲೆಯ ತ್ರಿಯೆಸ್ತೆಗೆ ಗಣಿತದ ಸಂಶೋಧನೆಗೆಂದು ಬಂದ ಮೇಲೆ, ಊರಿನಿಂದ ಫೋನು ಮಾಡುವ ಹಿರಿಯರು ತಪ್ಪದೆ ಕೇಳುವುದು, ಇನ್ನು ಅಲ್ಲಿಯೇ ನೆಲೆಸುತ್ತೀಯೇನಪ್ಪ ಎಂದು. ವಿದ್ಯೆಯಲ್ಲಿ ದೊಡ್ಡದನ್ನು ಸಾಧಿಸಬೇಕಾದರೆ ಚಿಕ್ಕ ವಯಸ್ಸಿನಲ್ಲೇ ಹೊರಟು ಹೊರಗೇ ಉಳಿಯಬೇಕೆಂಬ ನಂಬಿಕೆ ಆ ಪ್ರಶ್ನೆಯ ಹಿಂದಿದೆ. ಆದರೆ ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ ಅವರು 1964ರಲ್ಲಿ ಕಟ್ಟಿದ ಇಲ್ಲಿನ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರದಲ್ಲಿ 1990ರ ದಶಕದಲ್ಲಿ ಗಣಿತ ವಿಭಾಗವನ್ನು ಮುನ್ನಡೆಸಿದ ಗಣಿತಜ್ಞ ಎಂ. ಎಸ್. ನರಸಿಂಹನ್ ಅವರ ವೃತ್ತಿಜೀವನ ಸಾಗಿದ್ದು ಬೇರೆಯೇ ದಾರಿಯಲ್ಲಿ.

1932ರಲ್ಲಿ ತಮಿಳುನಾಡಿನಲ್ಲಿ ಹುಟ್ಟಿದ ಅವರು ಮದರಾಸಿನ ಲೊಯೊಲಾ ಕಾಲೇಜಿನಲ್ಲಿ ಫಾದರ್ ರಾಸಿನ್ ಅವರ ಪಾಠ ಕೇಳಿ, 1953ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಅದೇ ವರ್ಷ ಅಲ್ಲಿಗೆ ಬಂದವರು ಸಿ. ಎಸ್. ಶೇಷಾದ್ರಿ. ವಿದೇಶವನ್ನೇ ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ, ಫ್ರೆಂಚ್ ಗಣಿತಜ್ಞ ಲೊರಾಂ ಶ್ವಾರ್ಟ್ಸ್ ಅವರ ಆಹ್ವಾನದ ಮೇಲೆ ನರಸಿಂಹನ್ ಮೂರು ವರ್ಷ ಪ್ಯಾರಿಸ್ಸಿನಲ್ಲಿದ್ದರು. ಆದರೆ ಕಲಿತದ್ದನ್ನು ಹೊತ್ತು ಮುಂಬೈಗೆ ಮರಳಿದರು.

ಸಮೀಕರಣಗಳಿಂದ ಹುಟ್ಟುವ ಆಕೃತಿಗಳನ್ನು ಅಭ್ಯಸಿಸುವ ಬೀಜಗಣಿತೀಯ ಜ್ಯಾಮಿತಿಯಲ್ಲಿ ಅವರಿಗೆ ಹೆಸರು ತಂದ ಪ್ರಮೇಯ, ಶೇಷಾದ್ರಿಯವರೊಡನೆ ಬರೆದು 1965ರಲ್ಲಿ ಪ್ರಕಟವಾದದ್ದು. ಎರಡೋ ಮೂರೋ ತೂತುಗಳಿರುವ ಉದ್ದಿನವಡೆಯ ಮೇಲ್ಮೈಯನ್ನು ಕಲ್ಪಿಸಿಕೊಳ್ಳಿ. ಅದರ ಪ್ರತಿ ಬಿಂದುವಿಗೂ ಒಂದೊಂದು ಸದಿಶಾಕಾಶವನ್ನು (ಬಾಣಗಳಂತೆ ಕೂಡಿಸಲು, ಹಿಗ್ಗಿಸಲು ಬರುವ ಸದಿಶಗಳ ಗುಂಪನ್ನು) ಅಂಟಿಸಿ, ಅವೆಲ್ಲ ನಯವಾಗಿ ಹೊಂದಿಕೊಳ್ಳುವಂತೆ ಮಾಡಿದರೆ ಸಿಗುವುದು ವೆಕ್ಟರ್ ಬಂಡಲ್. ಇವು ಎಣಿಕೆಗೆ ಸಿಗದಷ್ಟಿವೆ. ಅವುಗಳಲ್ಲಿ 'ಸ್ಥಿರ'ವಾದವು, ಅಂದರೆ ಅಚ್ಚುಕಟ್ಟಾಗಿ ವರ್ಗೀಕರಿಸಲು ಬರುವವು, ಯಾವುವೆಂದು ಗಣಿತಜ್ಞ ಡೇವಿಡ್ ಮಮ್‌ಫರ್ಡ್ ಬೀಜಗಣಿತದ ಭಾಷೆಯಲ್ಲಿ ಹೇಳಿದ್ದರು. ತೂತುಗಳನ್ನು ಸುತ್ತಿಬರುವ ಕುಣಿಕೆಗಳಿಗೆ ಒಂದೊಂದು ಯೂನಿಟರಿ ಮ್ಯಾಟ್ರಿಕ್ಸನ್ನು (ಸದಿಶಗಳ ಉದ್ದ ಬದಲಿಸದ ಸಂಖ್ಯೆಗಳ ಚೌಕವನ್ನು) ಹೊಂದಿಸುವುದು ತೀರ ಬೇರೆಯ ವಿಷಯವೆಂಬಂತೆ ಕಾಣುತ್ತದೆ. ಹಾಗೆ ಹೊಂದಿಸುವ ಅವಿಭಾಜ್ಯ (ಇನ್ನೂ ಚಿಕ್ಕದಾಗಿ ಒಡೆಯಲಾಗದ) ಬಗೆಗಳೂ ಶೂನ್ಯ ಡಿಗ್ರಿಯ, ಎಂದರೆ ಒಟ್ಟಾರೆ ತಿರುಚು ಸೊನ್ನೆಯಾಗಿರುವ, ಸ್ಥಿರ ಬಂಡಲ್‌ಗಳೂ ಒಂದಕ್ಕೊಂದು ಸರಿಯಾಗಿ ಜೋಡಿಯಾಗುತ್ತವೆ ಎಂಬುದನ್ನು ಅವರಿಬ್ಬರು ಸಾಧಿಸಿದರು. 1983ರಲ್ಲಿ ಗಣಿತಜ್ಞ ಸೈಮನ್ ಡೊನಾಲ್ಡ್‌ಸನ್ ಇದನ್ನು ಹೊಸ ರೀತಿಯಲ್ಲಿ ಸಾಧಿಸಿ ತೋರಿಸಿದ ಮೇಲೆ, ನಿಸರ್ಗದ ಮೂಲಬಲಗಳನ್ನು ವಿವರಿಸುವ ಭೌತವಿಜ್ಞಾನಿಗಳ ಗೇಜ್ ಸಿದ್ಧಾಂತದೊಂದಿಗೆ ಅದರ ನಂಟು ಇನ್ನಷ್ಟು ಸ್ಪಷ್ಟವಾಯಿತು. 2006ರ ಕಿಂಗ್ ಫೈಸಲ್ ಪ್ರಶಸ್ತಿಯನ್ನು ನರಸಿಂಹನ್ ಮತ್ತು ಡೊನಾಲ್ಡ್‌ಸನ್ ಹಂಚಿಕೊಂಡರು.

ಪ್ರಶಸ್ತಿಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು ಮುಂಬೈಯಲ್ಲಿ ಅವರ ಬಳಿ ಕಲಿತ ರಘುನಾಥನ್, ರಮಣನ್, ಪಾಟೋಡಿ ಮೊದಲಾದವರ ಸಾಲು. ಅಂಥ ಶಿಷ್ಯವರ್ಗವನ್ನು ಬೆಳೆಸಿದ ನಂತರವೇ, ಅರವತ್ತರ ಆಸುಪಾಸಿನಲ್ಲಿ, ಅವರು ತ್ರಿಯೆಸ್ತೆಗೆ ಬಂದದ್ದು. ಅದೂ ಬಡ ದೇಶಗಳ ಗಣಿತಜ್ಞರಿಗೆ ನೆರವಾಗಲೆಂದೇ ಇರುವ ಸಂಸ್ಥೆಗೆ.

ಇಲ್ಲಿಂದ ಹೊರಟು ಅವರು ಬೆಂಗಳೂರಿನಲ್ಲಿ ನೆಲೆಸಿದರು, 2021ರ ಮೇ ತಿಂಗಳಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ಊರಿನಲ್ಲಿ ಓದುತ್ತಿದ್ದ ನಾನು ಒಮ್ಮೆಯೂ ಅವರನ್ನು ಕಾಣಲು ಹೋಗಲಿಲ್ಲ. ಅವರ ಲೇಖನವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದ್ದು ಈ ಕಡಲ ದಂಡೆಗೆ ಬಂದ ಮೇಲೆಯೇ.